ಘಾಟಿಯಲ್ಲಿ ಲಾರಿ ನಿಲ್ಲದಿರಲು: ಗಾಳಿ, ನೀರು, ಡೀಸೆಲ್, ಕರೆಂಟು ದೋಷಗಳನ್ನು ಪತ್ತೆ ಹಚ್ಚುವ ಕ್ರಮ

ಮಂಗಳೂರು ಬಂದರಿನಲ್ಲಿ ಲೋಡು ಹೊತ್ತ ಲಾರಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕೆಟ್ಟು ನಿಂತರೆ ರಾಷ್ಟ್ರೀಯ ಹೆದ್ದಾರಿ 75ರ ಎರಡೂ ಬದಿಯ ಸಂಚಾರ ಸಿಕ್ಕಿಕೊಳ್ಳುತ್ತದೆ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಾಟಿಯದ್ದೂ ಅದೇ ಪಾಡು. ಹೀಗೆ ನಿಂತ ಲಾರಿಯ ದೋಷ ಸಾಮಾನ್ಯವಾಗಿ ಅಂದೇ ಹುಟ್ಟಿದ್ದಾಗಿರುವುದಿಲ್ಲ. ಗಾಳಿ ತುಂಬಲು ಬೆಳಿಗ್ಗೆ ಹೆಚ್ಚು ಹೊತ್ತು ಹಿಡಿದಿರುತ್ತದೆ, ವಾರಕ್ಕೆ ಒಂದು ಲೀಟರ್ ಕೂಲೆಂಟ್ ಎಲ್ಲಿಗೋ ಹೋಗುತ್ತಿರುತ್ತದೆ, ಸೆಲ್ಫ್ ಹೊಡೆದಾಗ ದೀಪ ಮಂಕಾಗುತ್ತಿರುತ್ತದೆ. ಸಪಾಟು ರಸ್ತೆಯಲ್ಲಿ ಮುಚ್ಚಿಹೋಗುವ ಈ ಲಕ್ಷಣಗಳು ಏರಿನಲ್ಲಿ ಎಂಜಿನ್ ಪೂರ್ತಿ ದುಡಿಯುವಾಗ ಹೊರಬೀಳುತ್ತವೆ.

ಇನ್ನೊಂದು ತೊಂದರೆ, ಪರೀಕ್ಷೆ ಮಾಡದೆ ಸಾಮಾನು ಬದಲಿಸುವ ಅಭ್ಯಾಸ. ಹೀಟ್ ಆಯಿತೆಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು, ಗಾಳಿ ನಿಲ್ಲುತ್ತಿಲ್ಲವೆಂದು ಕಂಪ್ರೆಸರ್ ಬದಲಿಸುವುದು. ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಇಲ್ಲಿ ಹೇಳಿರುವ ಪ್ರತಿಯೊಂದು ಕ್ರಮವೂ ಮೊದಲು ಅಳೆಯುವುದು, ಆಮೇಲೆ ಸ್ಪ್ಯಾನರ್ ಹಿಡಿಯುವುದು ಎಂಬ ಲೆಕ್ಕದಲ್ಲಿದೆ. ಪೂರ್ತಿ ಏರ್ ಬ್ರೇಕ್ ಮತ್ತು 24 ವೋಲ್ಟ್ ವ್ಯವಸ್ಥೆ ಇರುವ 10ರಿಂದ 16 ಚಕ್ರದ ಲಾರಿ, ಟಿಪ್ಪರ್, ಟ್ರೇಲರ್‌ಗಳಿಗೆ ಇದು ಅನ್ವಯಿಸುತ್ತದೆ. ಕೊಟ್ಟಿರುವ ಅಂಕಿಗಳು ಸಾಮಾನ್ಯ ಮಿತಿಗಳು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಬೇಕಾದ ಸಲಕರಣೆ ಹೆಚ್ಚೇನಿಲ್ಲ: ಒಂದು ಮಲ್ಟಿಮೀಟರ್, ಏರ್ ಟ್ಯಾಂಕಿಗೆ ಜೋಡಿಸಬಹುದಾದ ಪ್ರೆಶರ್ ಗೇಜ್, ಸೋಪು ನೀರಿನ ಬಾಟಲಿ, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಒಂದು ಮೀಟರ್ ಪಾರದರ್ಶಕ ಡೀಸೆಲ್ ಪೈಪು, ಟಾರ್ಕ್ ರೆಂಚ್, ಚಕ್ರಕ್ಕೆ ಕೊಡಲು ನಾಲ್ಕು ಗಟ್ಟಿ ಮರದ ಅಡೆ. ಬಿಎಸ್‌6 (ಭಾರತ್ ಸ್ಟೇಜ್ 6 ಹೊಗೆ ಮಾನದಂಡದ) ಗಾಡಿಯಿದ್ದರೆ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಅಳೆಯುವ ರಿಫ್ರಾಕ್ಟೋಮೀಟರ್ ಕೂಡ ಇಟ್ಟುಕೊಳ್ಳಿ.

ಗಾಳಿ ಏರುತ್ತಿಲ್ಲ, ಏರಿದ ಗಾಳಿ ನಿಲ್ಲುತ್ತಿಲ್ಲ

ಈ ಎರಡೂ ಬೇರೆ ಬೇರೆ ದೂರುಗಳು, ಎರಡಕ್ಕೂ ಕಾರಣ ಬೇರೆ. ಆದ್ದರಿಂದ ಮೊದಲು ಇವನ್ನು ಬೇರ್ಪಡಿಸಬೇಕು.

ಸಪಾಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಟ್ಯಾಂಕುಗಳ ನೀರು ಬಿಟ್ಟು, ಮತ್ತೆ ಗಾಳಿ ತುಂಬಿಸಿ. ಎಂಜಿನ್ ವೇಗ ಏರಿಸಿ ಹಿಡಿದಾಗ ಒತ್ತಡ 6 ಬಾರ್‌ನಿಂದ 7 ಬಾರ್‌ಗೆ ಏರಲು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಗಾಡಿ ಚೆನ್ನಾಗಿರುವಾಗಲೇ ಈ ಸಮಯವನ್ನು ಅಳೆದು ಕ್ಯಾಬಿನ್ನಿನಲ್ಲಿ ಬರೆದಿಟ್ಟರೆ ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಸಿಗದು. ಹಳೆಯ ಮಾದರಿಗಳಲ್ಲಿ 7.5ರಿಂದ 8 ಬಾರ್ ಆಸುಪಾಸಿನಲ್ಲಿ, ಹೊಸ ಮಾದರಿಗಳಲ್ಲಿ ಕೆಲವಕ್ಕೆ 10 ಬಾರ್ ಹತ್ತಿರ ಅನ್‌ಲೋಡರ್ (ಗಾಳಿ ತುಂಬಿದ ಮೇಲೆ ಟ್ಯಾಂಕಿಗೆ ಗಾಳಿ ಹೋಗುವುದನ್ನು ನಿಲ್ಲಿಸುವ ವಾಲ್ವ್) ಕಟ್ ಆಗಿ ಏರ್ ಡ್ರೈಯರ್ ಕೆಳಗಿನಿಂದ 'ಫುಸ್' ಎಂದು ಗಾಳಿ ಬಿಡಬೇಕು.

ಈಗ ಎಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಬಿಡುಗಡೆ ಮಾಡಿ ಗೇಜ್ ನೋಡಿ. ಒಂಟಿ ಗಾಡಿಯಲ್ಲಿ ನಿಮಿಷಕ್ಕೆ 0.15 ಬಾರ್‌ಗಿಂತ, ಟ್ರೇಲರ್ ಜೋಡಿಸಿದ ಗಾಡಿಯಲ್ಲಿ 0.2 ಬಾರ್‌ಗಿಂತ ಹೆಚ್ಚು ಇಳಿಯಬಾರದು. ಆಮೇಲೆ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಒತ್ತಿದ ಕ್ಷಣ ಒಂದಷ್ಟು ಬೀಳುವುದು ಸಹಜ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದರ ನಂತರದ ಇಳಿತ ನಿಮಿಷಕ್ಕೆ ಕ್ರಮವಾಗಿ 0.2 ಮತ್ತು 0.3 ಬಾರ್ ಒಳಗಿರಬೇಕು. ಡ್ಯಾಶ್‌ಬೋರ್ಡಿನ ಮುಳ್ಳಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೇ ಟ್ಯಾಂಕಿಗೆ ಜೋಡಿಸುವ ಗೇಜ್ ಬೇಕು. ಗೇಜ್ ಇಲ್ಲದಿದ್ದರೆ ಪೆಡಲ್ ಮುಟ್ಟದೆ ಐದು ನಿಮಿಷ ಬಿಡಿ, ಒಂಟಿ ಗಾಡಿಯಲ್ಲಿ ಮುಕ್ಕಾಲು ಬಾರ್‌ಗಿಂತ, ಟ್ರೇಲರ್ ಇದ್ದರೆ ಒಂದು ಬಾರ್‌ಗಿಂತ ಹೆಚ್ಚು ಇಳಿದಿದ್ದರೆ ಲೀಕ್ ಹುಡುಕಲೇಬೇಕು.

ಲೀಕ್ ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದೇ ಜಾಗವನ್ನು ಹೇಳುತ್ತದೆ.

ಪೆಡಲ್ ಒತ್ತಿದಾಗ ಮಾತ್ರ ಗಾಳಿ ಇಳಿದರೆ ದೋಷ ಸರ್ವಿಸ್ ಬ್ರೇಕ್ ಬದಿಯಲ್ಲಿದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಬ್ರೇಕ್ ಚೇಂಬರ್‌ನ (ಗಾಳಿಯ ಒತ್ತಡದಿಂದ ಬ್ರೇಕಿನ ರಾಡ್ ತಳ್ಳುವ ಡಬ್ಬಿ) ಕೆಳಗಿನ ಸಣ್ಣ ರಂಧ್ರಕ್ಕೆ ಸೋಪು ನೀರು ಸಿಂಪಡಿಸಲಿ. ಅಲ್ಲಿ ಗುಳ್ಳೆ ಬಂದರೆ ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿದೆ. ಚೇಂಬರ್‌ಗಳೆಲ್ಲ ಸರಿಯಿದ್ದು ಕಾಲಿನ ವಾಲ್ವ್‌ನ ಎಕ್ಸಾಸ್ಟ್‌ನಿಂದ ಗಾಳಿ ಹೋಗುತ್ತಿದ್ದರೆ ವಾಲ್ವ್‌ನ ಒಳ ಸೀಟು ಸವೆದಿದೆ, ಇಲ್ಲವೇ ಕಸ ಕೂತಿದೆ.

ಪೆಡಲ್ ಮುಟ್ಟದೆ, ಪಾರ್ಕಿಂಗ್ ಬ್ರೇಕ್ ಬಿಡುಗಡೆಯಾಗಿರುವಾಗ ಹಿಂದಿನ ರಿಲೇ ವಾಲ್ವ್‌ನ (ಪೆಡಲ್ ಒತ್ತಿದಾಗ ಹಿಂದಿನ ಬ್ರೇಕಿಗೆ ಗಾಳಿ ಕೊಡುವ ವಾಲ್ವ್) ಎಕ್ಸಾಸ್ಟ್‌ನಿಂದ ಗಾಳಿ ಹೋಗುವುದುಂಟು. ಇಲ್ಲಿ ಬಹಳ ಕಡೆ ರಿಲೇ ವಾಲ್ವ್ ಬದಲಿಸಿಬಿಡುತ್ತಾರೆ, ಲೀಕ್ ಮಾತ್ರ ನಿಲ್ಲುವುದಿಲ್ಲ. ಕಾರಣವಿಷ್ಟೆ: ಹಿಂದಿನ ಬೂಸ್ಟರ್‌ನಲ್ಲಿ, ಅಂದರೆ ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಕೂಡ ಇರುವ ಚೇಂಬರ್‌ನಲ್ಲಿ, ಸ್ಪ್ರಿಂಗ್ ಬದಿ ಮತ್ತು ಸರ್ವಿಸ್ ಬದಿ ಎಂದು ಎರಡು ಕೋಣೆಗಳಿವೆ, ನಡುವೆ ರಾಡ್ ಹಾಯುವ ಕಡೆ ಒಂದು ಸೀಲ್ ಇದೆ. ಅದು ಸವೆದರೆ ಸ್ಪ್ರಿಂಗ್ ಬದಿಯ ಗಾಳಿ ಸರ್ವಿಸ್ ಬದಿಗೆ ನುಗ್ಗಿ, ಅದೇ ಪೈಪಿನಲ್ಲಿ ಹಿಂದೆ ಬಂದು ರಿಲೇ ವಾಲ್ವ್‌ನಿಂದ ಹೊರಹೋಗುತ್ತದೆ. ಖಾತ್ರಿ ಮಾಡಿಕೊಳ್ಳಲು ಪಾರ್ಕಿಂಗ್ ಬ್ರೇಕ್ ಹಾಕಿ. ಸ್ಪ್ರಿಂಗ್ ಬದಿ ಖಾಲಿಯಾಗಿ ಲೀಕ್ ನಿಂತರೆ ತಪ್ಪು ಬೂಸ್ಟರ್‌ನದು, ನಿಲ್ಲದಿದ್ದರೆ ರಿಲೇ ವಾಲ್ವ್‌ನದು. ಯಾವ ಬೂಸ್ಟರ್ ಎಂದು ತಿಳಿಯಲು, ಅಡೆ ಕೊಟ್ಟು ಪಾರ್ಕಿಂಗ್ ಬ್ರೇಕ್ ಬಿಡುಗಡೆಯಲ್ಲಿಟ್ಟು, ಸರ್ವಿಸ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ. ಯಾವ ಬೂಸ್ಟರ್ ಬದಿಯಿಂದ ಗಾಳಿ ಬರುತ್ತಲೇ ಇದೆಯೋ ಅದು ಕೆಟ್ಟಿದೆ.

ಎರಡು ಗೇಜ್ ಮುಳ್ಳುಗಳಲ್ಲಿ ಒಂದು ಇಳಿದು ಇನ್ನೊಂದು ನಿಂತಿದ್ದರೆ ಕೆಲಸ ಅರ್ಧ ಮುಗಿದಂತೆ. ನಾಲ್ಕು ಸರ್ಕ್ಯೂಟ್ ಪ್ರೊಟೆಕ್ಷನ್ ವಾಲ್ವ್ ಕೆಟ್ಟ ಸರ್ಕ್ಯೂಟನ್ನು ಬೇರ್ಪಡಿಸಿ ಉಳಿದದ್ದನ್ನು ಕಾಯುತ್ತಿದೆ ಎಂದರ್ಥ. ಇಳಿದ ಸರ್ಕ್ಯೂಟಿನ ಪೈಪನ್ನಷ್ಟೇ ಹಿಡಿದು ಹೋಗಿ. ಎರಡೂ ಸಮನಾಗಿ ಇಳಿದರೆ ಡ್ರೈಯರ್, ಕಂಪ್ರೆಸರ್ ಪೈಪು, ಪ್ರೊಟೆಕ್ಷನ್ ವಾಲ್ವ್ ಕಡೆ ನೋಡಿ. ಕ್ಲಚ್ ಬೂಸ್ಟರ್, ಹಾರ್ನ್, ಎಕ್ಸಾಸ್ಟ್ ಬ್ರೇಕ್ ಸಿಲಿಂಡರ್, ಏರ್ ಸೀಟುಗಳನ್ನೂ ಮರೆಯಬೇಡಿ, ಅವೂ ಇದೇ ಗಾಳಿಯಲ್ಲಿ ನಡೆಯುತ್ತವೆ. ಟ್ರೇಲರ್ ಆದರೆ ಹೋಸ್ ಜೋಡಣೆಯ ರಬ್ಬರ್ ವಾಷರ್ ಮೊದಲ ಅನುಮಾನ.

ಲೀಕ್ ಇಲ್ಲ, ಆದರೂ ಗಾಳಿ ನಿಧಾನ ಏರುತ್ತದೆಯೆ? ಮೊದಲು ಕಂಪ್ರೆಸರ್‌ಗೆ ಗಾಳಿ ಹೋಗುವ ದಾರಿ ನೋಡಿ. ಏರ್ ಫಿಲ್ಟರ್ ಕಟ್ಟಿದ್ದರೆ ಅದಕ್ಕೂ ಉಸಿರಿಲ್ಲ. ಆಮೇಲೆ ಕಂಪ್ರೆಸರ್‌ನಿಂದ ಡ್ರೈಯರ್‌ಗೆ ಹೋಗುವ ಡೆಲಿವರಿ ಪೈಪು ಬಿಚ್ಚಿ ಒಳಗೆ ನೋಡಿ. ಎಣ್ಣೆ ಸುಟ್ಟು ಕರಿ ಕಟ್ಟಿ, ಬೆರಳು ಹೋಗುವ ಪೈಪಿನಲ್ಲಿ ಪೆನ್ಸಿಲ್ ಹೋಗದಷ್ಟು ಕಿರಿದಾಗಿರುತ್ತದೆ. ಅಂಥ ಪೈಪನ್ನು ಕೆರೆದು ಮತ್ತೆ ಹಾಕಬೇಡಿ. ಕರಿ ಚೂರುಗಳು ಡ್ರೈಯರ್ ಮತ್ತು ವಾಲ್ವ್‌ಗಳಲ್ಲಿ ಹೋಗಿ ಕೂರುತ್ತವೆ, ಹೊಸದೇ ಹಾಕಬೇಕು. ಇವೆರಡೂ ಸರಿಯಿದ್ದ ಮೇಲಷ್ಟೇ ಕಂಪ್ರೆಸರ್‌ನ ವಾಲ್ವ್ ಪ್ಲೇಟು ಮತ್ತು ರಿಂಗುಗಳ ಸರದಿ.

ಟ್ಯಾಂಕಿನ ಡ್ರೈನ್ ವಾಲ್ವ್ ಎಳೆದಾಗ ಒಣ ಗಾಳಿ ಬರಬೇಕು. ನೀರು ಬಂದರೆ ಡ್ರೈಯರ್‌ನ ಡಬ್ಬಿ ಸತ್ತಿದೆ. ಎಣ್ಣೆ ಬೆರೆತ ಬೂದು ನೀರು ಬಂದರೆ ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ, ಡಬ್ಬಿ ಮಾತ್ರ ಬದಲಿಸಿದರೆ ಹೊಸದೂ ಕೆಲವೇ ದಿನಗಳಲ್ಲಿ ಹಾಳು. ಡ್ರೈಯರ್ ಕೆಳಗಿನಿಂದ ನಿಲ್ಲದೆ ಗಾಳಿ ಹೋಗುತ್ತಿದ್ದರೆ ಪರ್ಜ್ ವಾಲ್ವ್ ಸೀಟಿನಲ್ಲಿ ಕಸ ಕೂತಿರುತ್ತದೆ. ಪೆಡಲ್ ನಾಲ್ಕಾರು ಬಾರಿ ಒತ್ತಿ ಒತ್ತಡ ಇಳಿಸಿ ಮತ್ತೆ ತುಂಬಿಸಿದರೆ ಕೆಲವೊಮ್ಮೆ ಅದೇ ತೊಳೆದು ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಹೆಚ್ಚು, ಡ್ರೈಯರ್ ಇದ್ದರೂ ದಿನಾ ಡ್ರೈನ್ ಎಳೆಯುವುದನ್ನು ಬಿಡಬಾರದು.

ರಸ್ತೆಯಲ್ಲಿ ಗಾಳಿ ಪೂರ್ತಿ ಹೋಗಿ ಹಿಂದಿನ ಚಕ್ರ ಜಾಮ್ ಆದರೆ

ಗಾಳಿ ಇಳಿದಂತೆ ಮೊದಲು ಬಜರ್ ಕೂಗುತ್ತದೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಗಾಳಿಯ ಒತ್ತಡ ಅದುಮಿಟ್ಟಿದ್ದ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿಯತೊಡಗುತ್ತದೆ. ಅರೆಬರೆ ಹಿಡಿದ ಬ್ರೇಕಿನಲ್ಲಿ ಎಳೆಯುತ್ತ ಹೋದರೆ ಡ್ರಮ್ ಕೆಂಪಾಗಿ, ಹಬ್ ಗ್ರೀಸ್ ಕರಗಿ, ಟೈರಿಗೆ ಬೆಂಕಿ ತಗಲುವವರೆಗೂ ಹೋಗುತ್ತದೆ. ಬಜರ್ ಕೂಗಿದರೆ ಪಕ್ಕಕ್ಕೆ ನಿಲ್ಲಿಸುವುದೊಂದೇ ದಾರಿ.

ಗಾಡಿಯನ್ನು ಅಲ್ಲಿಂದ ಸರಿಸಲೇಬೇಕಾದರೆ ಸ್ಪ್ರಿಂಗನ್ನು ಯಾಂತ್ರಿಕವಾಗಿ ಹಿಂದೆ ಎಳೆಯಬೇಕು. ಮೊದಲು ಕನಿಷ್ಠ ನಾಲ್ಕು ಚಕ್ರಕ್ಕೆ ಅಡೆ ಕೊಡಿ, ಏಕೆಂದರೆ ಸ್ಪ್ರಿಂಗ್ ಬಿಟ್ಟ ಮೇಲೆ ಗಾಡಿಗೆ ಪಾರ್ಕಿಂಗ್ ಬ್ರೇಕ್ ಇರುವುದಿಲ್ಲ. ಕೆಲವು ಬೂಸ್ಟರ್‌ಗಳಲ್ಲಿ ಹಿಂಬದಿಯಲ್ಲೇ ಕೂಡಿಸಿದ ಬೋಲ್ಟ್ ಇರುತ್ತದೆ, ಅದನ್ನು ಅಪ್ರದಕ್ಷಿಣವಾಗಿ ತಿರುಗಿಸುತ್ತ ಹೊರಗೆ ತರಬೇಕು. ಇನ್ನು ಕೆಲವದರಲ್ಲಿ ಬದಿಯಲ್ಲಿ ಸಿಕ್ಕಿಸಿದ ಉದ್ದ ಬೋಲ್ಟ್ ತೆಗೆದು, ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಒಳಗೆ ತೂರಿಸಿ ಕಾಲು ಸುತ್ತು ತಿರುಗಿಸಿ ಕೊಂಡಿ ಹಾಕಿ, ನಟ್ ಬಿಗಿಯಬೇಕು. ಕೈ ಸ್ಪ್ಯಾನರ್ ಬಳಸಿ, ಇಂಪ್ಯಾಕ್ಟ್ ಗನ್ ಬೇಡ.

ಸ್ಪ್ರಿಂಗ್ ಬದಿಯ ಹಿಡಿಕೆ ಕ್ಲ್ಯಾಂಪನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ನೂರಾರು ಕಿಲೋ ಬಲದಲ್ಲಿ ಒತ್ತಿ ಕೂತಿರುತ್ತದೆ. ಮುಚ್ಚಳ ಹಾರಿ ತಲೆಗೆ ಬಡಿದು ಜೀವ ಹೋಗಿರುವುದುಂಟು. ಸ್ಪ್ರಿಂಗ್ ಬದಿ ಕೆಟ್ಟರೆ ಬೂಸ್ಟರನ್ನು ಇಡಿಯಾಗಿ ಬದಲಿಸಿ, ಹಳೆಯದನ್ನು ಬೋಲ್ಟ್ ಹಾಕಿ ಕಟ್ಟಿಟ್ಟ ಸ್ಥಿತಿಯಲ್ಲೇ ಗುಜರಿಗೆ ಕೊಡಿ.

ಗಾಳಿ ಇದ್ದೂ ಬ್ರೇಕ್ ಹಿಡಿಯದಿರುವುದು

ಗೇಜ್ 8 ಬಾರ್ ತೋರಿಸುತ್ತಿದೆ, ಆದರೂ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ. ಇದಕ್ಕೆ ಪುಶ್ ರಾಡ್‌ನ ಸ್ಟ್ರೋಕ್ ಅಳೆಯಬೇಕು. ಬ್ರೇಕ್ ತಣ್ಣಗಿರುವಾಗ, ಅಡೆ ಕೊಟ್ಟು, ಪಾರ್ಕಿಂಗ್ ಬಿಡುಗಡೆ ಮಾಡಿ, ಒತ್ತಡ 6ರಿಂದ 7 ಬಾರ್ ಇರುವಂತೆ ಮಾಡಿ ಎಂಜಿನ್ ಆರಿಸಿ. ಪುಶ್ ರಾಡ್ ಚೇಂಬರ್‌ನಿಂದ ಹೊರಬರುವ ಕಡೆ ಚಾಕ್‌ಪೀಸಿನಿಂದ ಗೆರೆ ಹಾಕಿ. ಪೆಡಲ್ ಪೂರ್ತಿ ಒತ್ತಿಸಿ, ಗೆರೆ ಎಷ್ಟು ಸರಿಯಿತೆಂದು ಅಳೆಯಿರಿ. ಸಾಮಾನ್ಯ ಸ್ಟ್ರೋಕಿನ ಕ್ಲ್ಯಾಂಪ್ ಚೇಂಬರ್‌ಗಳಲ್ಲಿ ಟೈಪ್ 24ಕ್ಕೆ 45 ಮಿಲಿಮೀಟರ್, ಟೈಪ್ 30ಕ್ಕೆ 51 ಮಿಲಿಮೀಟರ್ ಗರಿಷ್ಠ ಮಿತಿ. ಒಂದೇ ಆಕ್ಸಲ್‌ನ ಎಡ ಬಲದ ನಡುವೆ ಹೆಚ್ಚು ಅಂತರವಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ತಣ್ಣಗಿದ್ದಾಗಲೇ ಮಿತಿಯ ಅಂಚಿನಲ್ಲಿರುವ ಸ್ಟ್ರೋಕ್ ಘಾಟಿ ಇಳಿಯುವಾಗ ಮಿತಿ ಮೀರುತ್ತದೆ. ಡ್ರಮ್ ಬಿಸಿಯಾಗಿ ಹಿಗ್ಗಿದಂತೆ ಶೂ ಅದನ್ನು ಮುಟ್ಟಲು ರಾಡ್ ಇನ್ನಷ್ಟು ಹೊರಗೆ ಬರಬೇಕಾಗುತ್ತದೆ, ಕೊನೆಗೆ ಚೇಂಬರ್‌ನ ತಳ ಮುಟ್ಟಿ ಬಲವೇ ಉಳಿಯುವುದಿಲ್ಲ. ಶಿರಾಡಿ ಇಳಿದು ಬರುವ ಲಾರಿಗಳಲ್ಲಿ ಸುಟ್ಟ ಬ್ರೇಕ್ ಲೈನರ್ ವಾಸನೆ ಬಂದರೆ ಚಾಲಕ ಎಕ್ಸಾಸ್ಟ್ ಬ್ರೇಕ್, ಕೆಳ ಗೇರ್ ಬಳಸಿಲ್ಲ, ಅಥವಾ ಸ್ಟ್ರೋಕ್ ಹೊಂದಾಣಿಕೆ ತಪ್ಪಿದೆ, ಹೆಚ್ಚಾಗಿ ಎರಡೂ.

ಆಟೊ ಸ್ಲ್ಯಾಕ್ ಅಡ್ಜಸ್ಟರ್ ಇರುವ ಗಾಡಿಯಲ್ಲಿ ಸ್ಟ್ರೋಕ್ ಹೆಚ್ಚಿದೆಯೆಂದು ಪ್ರತಿ ವಾರ ಕೈಯಿಂದ ಬಿಗಿ ಮಾಡಬೇಡಿ. ತಾನಾಗಿ ಹೊಂದಿಕೊಳ್ಳಬೇಕಾದದ್ದು ಹೊಂದುತ್ತಿಲ್ಲವೆಂದರೆ ಅಡ್ಜಸ್ಟರ್ ಕೆಟ್ಟಿದೆ, ಇಲ್ಲವೇ ಕ್ಯಾಮ್ ಬುಷ್, ಕ್ಲೆವಿಸ್ ಪಿನ್ ಸವೆದಿದೆ, ಇಲ್ಲವೇ ರಿಟರ್ನ್ ಸ್ಪ್ರಿಂಗ್ ಸಡಿಲಾಗಿದೆ. ಕೈಯಿಂದ ಬಿಗಿ ಮಾಡಿದರೆ ಕಾರಣ ಮುಚ್ಚಿಹೋಗಿ, ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಪರಿಸ್ಥಿತಿ ಎದುರಾಗುತ್ತದೆ.

ಹೀಟ್: ಮೊದಲು ಕೇಳಬೇಕಾದ ಪ್ರಶ್ನೆ

ಯಾವಾಗ ಹೀಟ್ ಆಗುತ್ತದೆ? ಏರಿನಲ್ಲಿ ಮಾತ್ರವೋ, ನಿಂತು ಐಡಲ್ ಇದ್ದಾಗಲೂ ಆಗುತ್ತದೋ? ಸಪಾಟಿನಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಮುಳ್ಳು ಏರಿದರೆ ರೇಡಿಯೇಟರ್ ಕಟ್ಟಿರುವುದು, ಫ್ಯಾನ್ ಕ್ಲಚ್ ಸೋತಿರುವುದು, ಬ್ರೇಕ್ ಎಳೆಯುತ್ತಿರುವುದು, ಮಿತಿ ಮೀರಿದ ಲೋಡು, ಇವನ್ನು ನೋಡಿ. ಟ್ರಾಫಿಕ್ಕಿನಲ್ಲಿ ಮಾತ್ರ ಹೀಟ್ ಆಗಿ ಓಡುವಾಗ ಇಳಿದರೆ ಫ್ಯಾನ್ ಕಡೆ ನೋಡಿ. ಎಲ್ಲ ಹೊತ್ತಲ್ಲೂ ಹೀಟ್ ಆದರೆ ಥರ್ಮೋಸ್ಟಾಟ್, ವಾಟರ್ ಪಂಪ್, ಕೂಲೆಂಟ್ ಕೊರತೆ ಅಥವಾ ಹೆಡ್ ಗ್ಯಾಸ್ಕೆಟ್.

ಫ್ಯಾನ್ ಕ್ಲಚ್ ಪರೀಕ್ಷೆಗೆ ಎಂಜಿನ್ ಆರಿಸಿ, ಕೀ ಕೈಯಲ್ಲಿಟ್ಟುಕೊಂಡು, ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಒಂದಿಷ್ಟು ಎಳೆತ ಕಾಣಬೇಕು. ಸರಾಗವಾಗಿ ಹಲವು ಸುತ್ತು ತಿರುಗಿದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ, ಕ್ಲಚ್ ಮೈಮೇಲೆ ಎಣ್ಣೆ ಹರಿದ ಗುರುತೂ ಇರುತ್ತದೆ. ಬೆಲ್ಟ್‌ನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 15 ಮಿಲಿಮೀಟರ್ ಬಗ್ಗಬೇಕು. ತಾನಾಗಿ ಬಿಗಿಯುವ ಟೆನ್ಷನರ್ ಇದ್ದರೆ ಈ ಅಳತೆ ಬೇಡ, ಬೆಲ್ಟ್ ಬಿರುಕು ಮಾತ್ರ ನೋಡಿ.

ರೇಡಿಯೇಟರ್ ಹೊರಗಿನಿಂದ ಕಟ್ಟುವುದು ಸಂಡೂರು, ಹೊಸಪೇಟೆ ಕಡೆ ಅದಿರು ಸಾಗಿಸುವ ಗಾಡಿಗಳಲ್ಲಿ ತೀರಾ ಸಾಮಾನ್ಯ. ಮುಂದೆ ಇಂಟರ್‌ಕೂಲರ್, ಹಿಂದೆ ರೇಡಿಯೇಟರ್, ನಡುವಿನ ಸಂದಿಯಲ್ಲಿ ಕೆಂಪು ಧೂಳು ಎಣ್ಣೆಯೊಡನೆ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಮುಂದಿನಿಂದ ಜೋರು ನೀರು ಹೊಡೆದರೆ ಹೊರಗಿನ ಧೂಳು ಒಳಸಂದಿಗೆ ಇನ್ನಷ್ಟು ತಳ್ಳಿದಂತೆ. ಎಂಜಿನ್ ಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ವರ್ಷಕ್ಕೊಮ್ಮೆಯಾದರೂ ಇಂಟರ್‌ಕೂಲರ್ ಸಡಿಲಿಸಿ ನಡುವೆ ಸ್ವಚ್ಛ ಮಾಡಬೇಕು. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ರೇಡಿಯೇಟರ್ ಮುಖವನ್ನು ಉದ್ದಕ್ಕೂ ನೋಡಿದಾಗ ಒಂದು ಪಟ್ಟಿಯಷ್ಟು ಜಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳು ಒಳಗಿನಿಂದ ಮುಚ್ಚಿವೆ.

ಒಳಗಿನಿಂದ ಮುಚ್ಚಲು ಕಾರಣ ನೀರು. ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಅದನ್ನು ಸುರಿಯುತ್ತ ಹೋದರೆ ಸುಣ್ಣ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಹಾನಿ ಸಿಲಿಂಡರ್ ಲೈನರ್‌ಗಳದು. ಭಾರಿ ಎಂಜಿನ್‌ಗಳ ವೆಟ್ ಲೈನರ್ (ಹೊರಮೈಗೆ ನೇರ ಕೂಲೆಂಟ್ ತಾಗುವ ಸಿಲಿಂಡರ್ ಕೊಳವೆ) ಪಿಸ್ಟನ್ ಹೊಡೆತಕ್ಕೆ ಕಂಪಿಸುತ್ತದೆ. ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆದು ಲೋಹವನ್ನು ಚುಚ್ಚುತ್ತ ಹೋಗುತ್ತವೆ. ಕೂಲೆಂಟಿನಲ್ಲಿರುವ ರಾಸಾಯನಿಕ ಪದರ ಇದನ್ನು ತಡೆಯುತ್ತದೆ, ಬರೀ ನೀರಿನಲ್ಲಿ ಆ ರಕ್ಷಣೆ ಇಲ್ಲ. ಕೊನೆಗೆ ಲೈನರ್ ತೂತಾಗಿ ನೀರು ಎಣ್ಣೆಗಿಳಿಯುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮ ಪ್ರಮಾಣದಲ್ಲಿ, ಅಥವಾ ನೇರ ಹಾಕುವ ಸಿದ್ಧ ಮಿಶ್ರಣ, ಇವೆರಡೇ ಆಯ್ಕೆ. ಎರಡು ಜಾತಿಯ ಕೂಲೆಂಟ್ ಬೆರೆಸಬೇಡಿ.

ಥರ್ಮೋಸ್ಟಾಟನ್ನು ಕಿತ್ತು ಓಡಿಸುವುದೂ ತಪ್ಪು. ಹಲವು ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ತೆರೆದೇ ಉಳಿದು, ಒಂದು ಪಾಲು ನೀರು ರೇಡಿಯೇಟರ್‌ಗೆ ಹೋಗದೆ ಸುತ್ತುತ್ತದೆ. ಏರಿನಲ್ಲಿ ಹೀಟ್ ಹೆಚ್ಚುತ್ತದೆ, ಸಪಾಟಿನಲ್ಲಿ ಎಂಜಿನ್ ಬಿಸಿಯೇ ಆಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಅನುಮಾನವಿದ್ದರೆ ಬಿಚ್ಚಿ, ದಾರದಲ್ಲಿ ನೇತುಬಿಟ್ಟು, ನೀರು ಕಾಯಿಸುತ್ತ ಥರ್ಮಾಮೀಟರ್ ನೋಡಿ. ಅದರ ಮೇಲೆ ಕೆತ್ತಿದ ಡಿಗ್ರಿಯಲ್ಲಿ, ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬಾಯಿ ಬಿಡಬೇಕು.

ಈಗ ತುಂಬಾ ಜನ ಎಡವುವ ಜಾಗ. ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತಿದೆ, ಕೂಲೆಂಟ್ ಉಕ್ಕಿ ಹೊರಹೋಗುತ್ತಿದೆ. ತಕ್ಷಣ ಹೆಡ್ ಗ್ಯಾಸ್ಕೆಟ್ ಎಂದು ಹೆಡ್ ಬಿಚ್ಚುತ್ತಾರೆ. ಆದರೆ ಏರ್ ಕಂಪ್ರೆಸರ್‌ನ ಹೆಡ್ ಕೂಡ ಇದೇ ಕೂಲೆಂಟಿನಲ್ಲಿ ತಣ್ಣಗಾಗುತ್ತದೆ. ಅದರ ಗ್ಯಾಸ್ಕೆಟ್ ಹೋದರೆ ಅಥವಾ ಹೆಡ್ ಬಿರಿದರೆ ಗಾಳಿ ನೇರ ಕೂಲೆಂಟಿಗೆ ನುಗ್ಗುತ್ತದೆ, ಲಕ್ಷಣ ಒಂದೇ. ಎರಡನ್ನೂ ಬೇರ್ಪಡಿಸುವುದು ಸುಲಭ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಕೂಲೆಂಟ್ ತುಂಬಿ, ಸ್ಟಾರ್ಟ್ ಮಾಡಿ ಗುಳ್ಳೆ ನೋಡಿ. ಗಾಳಿ ತುಂಬುತ್ತಿರುವಾಗ ಗುಳ್ಳೆ ಬಂದು, ಅನ್‌ಲೋಡರ್ ಕಟ್ ಆದ ಮೇಲೆ ನಿಂತರೆ ಅನುಮಾನ ಕಂಪ್ರೆಸರ್ ಮೇಲೆ. ಖಾತ್ರಿಗೆ ಎಂಜಿನ್ ಆರಿಸಿ, ಕಂಪ್ರೆಸರ್‌ನ ಡೆಲಿವರಿ ಪೈಪು ಬಿಚ್ಚಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಆಗ ಒತ್ತಡವೇ ಹುಟ್ಟುವುದಿಲ್ಲ. ಗುಳ್ಳೆ ಮಾಯವಾದರೆ ಕಂಪ್ರೆಸರ್ ಹೆಡ್, ಮುಂದುವರಿದರೆ ಎಂಜಿನ್ ಹೆಡ್ ಗ್ಯಾಸ್ಕೆಟ್. ಹತ್ತು ನಿಮಿಷದ ಈ ಪರೀಕ್ಷೆ ಎರಡು ದಿನದ ಹೆಡ್ ಕೆಲಸವನ್ನು ಉಳಿಸುತ್ತದೆ.

ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮತ್ತೆ ಕಳಿಸುವ ಹೊಗೆಯನ್ನು ತಣಿಸುವ ಭಾಗ) ಸೋರಿಕೆಯನ್ನೂ ನೋಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಒತ್ತಡ ನಿಲ್ಲದೆ ಕೂಲೆಂಟ್ ಬೇಗ ಕುದಿಯುತ್ತದೆ. ಅಗ್ಗದ ಸಾಮಾನು, ಮೊದಲೇ ಬದಲಿಸಿಬಿಡಿ.

ಏರಿನಲ್ಲಿ ಮುಳ್ಳು ಕೆಂಪಿಗೆ ಹೋದಾಗ ಕೂಲೆಂಟ್ ಇನ್ನೂ ಇದ್ದರೆ ಎಂಜಿನ್ ತಟ್ಟನೆ ಆರಿಸಬೇಡಿ. ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಐಡಲ್ ಬಿಟ್ಟು ಮುಳ್ಳು ಇಳಿಯಲು ಬಿಡಿ. ಹೋಸ್ ಒಡೆದು ಕೂಲೆಂಟ್ ಪೂರ್ತಿ ಹೋಗಿದ್ದರೆ ಮಾತ್ರ ಕೂಡಲೇ ಆರಿಸಿ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯುವುದು, ತಣ್ಣೀರು ಸುರಿಯುವುದು ಎರಡೂ ಬೇಡ. ಮೊದಲನೆಯದು ಮುಖ ಸುಡುತ್ತದೆ, ಎರಡನೆಯದು ಹೆಡ್ ಬಿರಿಯುತ್ತದೆ.

ಎಳೆತ ಇಲ್ಲ

ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾದರೆ ಗಾಳಿಯ ಕೊರತೆ. ಫಿಲ್ಟರ್ ಇಂಡಿಕೇಟರ್ ಕೆಂಪಾಗಿದೆಯೇ ನೋಡಿ. ಹೊರಗಿನ ಎಲಿಮೆಂಟ್ ಮಾತ್ರ ಬದಲಿಸಿ ಅಥವಾ ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ಊದಿ. ಒಳಗಿನ ಸುರಕ್ಷತಾ ಎಲಿಮೆಂಟ್ ಊದುವಂಥದ್ದಲ್ಲ, ಬದಲಿಸುವಂಥದ್ದು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸಡಿಲಿದ್ದರೂ ಇದೇ ಹೊಗೆ, ಜೊತೆಗೆ ಲೋಡಿನಲ್ಲಿ ಶಿಳ್ಳೆಯ ಸದ್ದು. ಫಿಲ್ಟರ್‌ನಿಂದ ಟರ್ಬೊವರೆಗಿನ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಧೂಳು ನೇರ ಸಿಲಿಂಡರಿಗೆ ಹೋಗಿ ರಿಂಗುಗಳನ್ನು ತಿನ್ನುತ್ತದೆ. ಪೈಪಿನ ಒಳಗೆ ಬೆರಳಾಡಿಸಿ, ಧೂಳಿನ ಗೆರೆ ಸಿಕ್ಕರೆ ಅಲ್ಲೇ ತೂತಿದೆ.

ಹೊಗೆಯಿಲ್ಲದೆ ಎಳೆತ ಹೋಗಿ, ಉಸಿರು ಕಟ್ಟಿದಂತೆ ಓಡಿದರೆ ಡೀಸೆಲ್ ದಾರಿ. ವಾಟರ್ ಸೆಪರೇಟರ್‌ನಿಂದ ಗಾಜಿನ ಬಾಟಲಿಗೆ ಬಿಟ್ಟು ನೋಡಿ, ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಪದೇ ಪದೇ ಏರ್ ಹಿಡಿಯುತ್ತಿದ್ದರೆ ಸೆಪರೇಟರ್ ಮತ್ತು ಫೀಡ್ ಪಂಪ್ ನಡುವೆ ಪಾರದರ್ಶಕ ಪೈಪು ಜೋಡಿಸಿ ಓಡಿಸಿ. ಗುಳ್ಳೆ ಕಂಡರೆ ಟ್ಯಾಂಕಿನಿಂದ ಅಲ್ಲಿಯವರೆಗಿನ ಹೋಸ್, ಕ್ಲಿಪ್ಪು, ವಾಷರ್ ಯಾವುದೋ ಗಾಳಿ ಎಳೆಯುತ್ತಿದೆ. ಎಳೆಯುವ ಬದಿಯ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಳೆಯ ಪಂಪಿನ ಹಾಗೆ ಇಂಜೆಕ್ಟರ್ ಪೈಪು ಸಡಿಲಿಸಿ ಏರ್ ತೆಗೆಯಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಡೀಸೆಲ್ ರಕ್ತಕ್ಕೆ ಸೇರುತ್ತದೆ. ಕೈ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ, ಅಷ್ಟೇ. ಹೊಸ ಮುಖ್ಯ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಹಾಕುವುದೂ ಬೇಡ, ಸೋಸದ ಡೀಸೆಲ್ ನೇರ ಇಂಜೆಕ್ಟರಿಗೆ ಹೋಗುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್‌6 ಗಾಡಿಗಳಲ್ಲಿ ಎಳೆತ ಕಡಿತಕ್ಕೆ ಇನ್ನೊಂದು ಕಾರಣ ಯೂರಿಯಾ ವ್ಯವಸ್ಥೆ. ದ್ರಾವಣದಲ್ಲಿ ಯೂರಿಯಾ ಶೇ 32.5 ಇರಬೇಕು, ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಸಾಕು. ನೀರು ಬೆರೆತರೆ ಸೆನ್ಸರ್ ಹಿಡಿದು ದೀಪ ಹಚ್ಚಿ, ಆಮೇಲೆ ಎಂಜಿನ್ ಶಕ್ತಿ ತಗ್ಗಿಸುತ್ತದೆ. ಗೊಬ್ಬರದ ಯೂರಿಯಾ ಕರಗಿಸಿ ಹಾಕುವವರಿದ್ದಾರೆ. ನಮ್ಮ ದೇಶದ ಗೊಬ್ಬರದ ಯೂರಿಯಾಗೆ ಬೇವಿನೆಣ್ಣೆ ಲೇಪನವಿದೆ, ಜೊತೆಗೆ ಲವಣಗಳೂ ಇವೆ. ಅವು ನಾಝಲ್ ಮುಚ್ಚಿ, ಕ್ಯಾಟಲಿಸ್ಟನ್ನು ಶಾಶ್ವತವಾಗಿ ಕೆಡಿಸುತ್ತವೆ. ಡೋಸಿಂಗ್ ನಾಝಲ್ ಸುತ್ತ ಬಿಳಿ ಹರಳು ಕಂಡರೆ ಬಿಸಿನೀರಿನಲ್ಲಿ ಕರಗಿಸಿ, ಉಳಿಯಿಂದ ಕೆತ್ತಬೇಡಿ. ಕೀ ತೆಗೆದ ತಕ್ಷಣ ಬ್ಯಾಟರಿ ಕಟ್‌ಆಫ್ ಸ್ವಿಚ್ ಆರಿಸುವ ಅಭ್ಯಾಸವೇ ಆ ಹರಳಿಗೆ ದೊಡ್ಡ ಕಾರಣ. ಕೀ ತೆಗೆದ ಮೇಲೂ ಪಂಪು ಪೈಪಿನಲ್ಲಿರುವ ದ್ರಾವಣವನ್ನು ಟ್ಯಾಂಕಿಗೆ ಹಿಂದೆಳೆಯುತ್ತಿರುತ್ತದೆ, ಕೆಲವು ನಿಮಿಷ ತಡೆಯಿರಿ. ತಪ್ಪಿ ಯೂರಿಯಾವನ್ನು ಡೀಸೆಲ್ ಟ್ಯಾಂಕಿಗೆ ಹಾಕಿದ್ದರೆ ಕೀ ಕೂಡ ಆನ್ ಮಾಡದೆ ಟ್ಯಾಂಕ್ ಇಳಿಸಿ.

ಸೆಲ್ಫ್ ಹೊಡೆಯುತ್ತಿಲ್ಲ

ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಒಂದು 12.6, ಇನ್ನೊಂದು 12.1 ಬಂದರೆ ಮೊಬೈಲ್ ಚಾರ್ಜರ್ ಅಥವಾ ಟೇಪ್ ರೆಕಾರ್ಡರ್ ಸಂಪರ್ಕವನ್ನು ಒಂದೇ ಬ್ಯಾಟರಿಯಿಂದ ಎಳೆದಿದ್ದಾರೆಯೇ ಎಂದು ಮೊದಲು ನೋಡಿ. ಹಾಗೆ ಎಳೆದಿದ್ದರೆ ಒಂದು ಸದಾ ಹಸಿದಿರುತ್ತದೆ, ಇನ್ನೊಂದು ಹೆಚ್ಚು ಚಾರ್ಜ್ ಆಗಿ ಕುದಿಯುತ್ತದೆ, ಎರಡೂ ಹಾಳು. 24ರಿಂದ 12 ವೋಲ್ಟಿಗಿಳಿಸುವ ಕನ್ವರ್ಟರ್ ಹಾಕಿ, ಬ್ಯಾಟರಿ ಬದಲಿಸುವಾಗ ಜೋಡಿಯನ್ನೇ ಬದಲಿಸಿ.

ಬ್ಯಾಟರಿ ತುಂಬಿದ್ದೂ ಸೆಲ್ಫ್ ಎಳೆದೆಳೆದು ನಿಧಾನ ತಿರುಗುತ್ತಿದ್ದರೆ ಕ್ರ್ಯಾಂಕ್ ಮಾಡುವಾಗ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ, ಮೋಟರ್ ಬಿಚ್ಚುವ ಅಗತ್ಯವಿಲ್ಲ. ಎಂಜಿನ್ ಓಡುವಾಗ ಚಾರ್ಜಿಂಗ್ 27.5ರಿಂದ 28.5 ವೋಲ್ಟ್ ಇರಬೇಕು. ಟಿಪ್ಪರ್ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಎರಡೂ ತುದಿ ಬಿಚ್ಚಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್‌ಗಳನ್ನೂ ತೆಗೆಸಿ.

ಚಕ್ರ, ಹಬ್, ಜಾಯಿಂಟು

ಚಹಾಕ್ಕೆ ನಿಂತಲ್ಲೆಲ್ಲ ಪ್ರತಿ ಹಬ್‌ಗೆ ಥರ್ಮಾಮೀಟರ್ ಹಿಡಿಯಿರಿ. ಅದೇ ಆಕ್ಸಲ್‌ನ ಎದುರಿನ ಹಬ್‌ಗಿಂತ ಒಂದು ತೀರಾ ಬಿಸಿಯಿದ್ದರೆ ಬೇರಿಂಗ್ ಬಿಗಿ, ಗ್ರೀಸ್ ಖಾಲಿ ಅಥವಾ ಬ್ರೇಕ್ ಎಳೆಯುತ್ತಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ತಯಾರಕರು ಹೇಳಿದ ಟಾರ್ಕ್‌ನಲ್ಲಿ ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಬಿಗಿಯಲೇಬೇಕು. ನಟ್ ಸುತ್ತ ತುಕ್ಕಿನ ಗೆರೆ ಹರಿದಿದ್ದರೆ ಅದು ಸಡಿಲಾಗಿದೆ. ಜೋಡಿ ಟೈರುಗಳಲ್ಲಿ ಒಂದರ ಗಾಳಿ ಕಡಿಮೆಯಿದ್ದರೆ ಪಕ್ಕದ್ದು ಎರಡರ ಭಾರ ಹೊತ್ತು ಸಿಡಿಯುತ್ತದೆ. ಸುತ್ತಿಗೆ ಬಡಿದ ಸದ್ದಿನಲ್ಲಿ ಪೂರ್ತಿ ಪಂಚರ್ ತಿಳಿಯುತ್ತದೆ, 20 ಪಿಎಸ್‌ಐ ಕೊರತೆ ತಿಳಿಯುವುದಿಲ್ಲ. ಗೇಜ್ ಬಳಸಿ, ಅದೂ ಟೈರು ತಣ್ಣಗಿದ್ದಾಗ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್ಪುಗಳಿಂದ ಹಳೆಯ ಗ್ರೀಸ್ ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಆ ಕಪ್ಪು ಒಣಗಿದೆ, ಮೊದಲು ತಿನ್ನುವುದೇ ಅದು.

ಕೊನೆಗೂ ಎಳೆಸಿಕೊಂಡು ಹೋಗಲೇಬೇಕಾದ ಪರಿಸ್ಥಿತಿ ಬಂದರೆ ಪ್ರೊಪೆಲ್ಲರ್ ಶಾಫ್ಟನ್ನು ಡಿಫರೆನ್ಶಿಯಲ್ ಬದಿಯಲ್ಲಿ ಬಿಚ್ಚಿ ಮೇಲಕ್ಕೆ ಕಟ್ಟಿ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ಕೆಳ ಶಾಫ್ಟ್ ತಿರುಗಿ ಎಣ್ಣೆ ಎರಚುವುದಿಲ್ಲ, ಮೇಲಿನ ಮುಖ್ಯ ಶಾಫ್ಟ್ ಮಾತ್ರ ಚಕ್ರದಿಂದ ಒಣಗಿದಂತೆಯೇ ತಿರುಗುತ್ತದೆ. ಶಾಫ್ಟ್ ಬಿಚ್ಚದೆ ಎಳೆದುಕೊಂಡು ಹೋದರೆ ಹೋಸ್ ಒಡೆದ ಗಾಡಿ ಗ್ಯಾರೇಜು ಸೇರುವ ಹೊತ್ತಿಗೆ ಗೇರ್‌ಬಾಕ್ಸ್ ಕೆಲಸವೂ ಸೇರಿಕೊಂಡಿರುತ್ತದೆ. ಎಳೆಯುವ ಗಾಡಿಯಿಂದ ಗಾಳಿಯ ಪೈಪು ಕೊಡಲು ಆಗುವುದಾದರೆ ಕೊಡಿ, ಆಗ ಕೆಟ್ಟ ಗಾಡಿಯ ಬ್ರೇಕೂ ಕೆಲಸ ಮಾಡುತ್ತದೆ. ಆಗದಿದ್ದರೆ ಸ್ಪ್ರಿಂಗ್ ಬಿಡಿಸಿದ ಗಾಡಿಯನ್ನು ಹಗ್ಗದಲ್ಲಿ ಎಳೆಯಬೇಡಿ, ಗಟ್ಟಿ ಟೋ ಬಾರ್ ಮಾತ್ರ ಬಳಸಿ.